ಟಪಾಲಿನಲ್ಲಿ ಹೋಗುವ ಮಾತು

ವೇದಿಕೆಯ ಮೇಲಿರುವ ಗುರುಗಳೇ, ವಿದ್ಯಾರ್ಥಿ ಮಿತ್ರರೇ, ಸುತ್ತಲಿನ ಊರುಗಳಿಂದ ಬಂದಿರುವ ತಾಯಂದಿರೇ, ಎಲ್ಲರಿಗೂ ಶರಣು. ಅರ್ಜಿ, ಪತ್ರ ಬರೆಯುವುದು ಹೇಗೆಂದು ನಾಲ್ಕು ಮಾತು ಹೇಳುತ್ತೇನೆ.

ನಾನು ಸರ್ಕಾರಿ ನೌಕರಿಯಲ್ಲಿದ್ದಾಗ ಒಂಬತ್ತು ವರ್ಷ ಟಪಾಲು ಶಾಖೆಯಲ್ಲಿ ಕುಳಿತವನು. ಹಾವೇರಿ ಜಿಲ್ಲೆಯ ಮೂಲೆಮೂಲೆಯಿಂದ ಬಂದ ಅರ್ಜಿಗಳನ್ನು ಒಡೆಯುವುದು, ಆವಕ ವಹಿಯಲ್ಲಿ ಬರೆದುಕೊಳ್ಳುವುದು, ಯಾವ ಮೇಜಿಗೆ ಹೋಗಬೇಕೋ ಅಲ್ಲಿಗೆ ಕಳಿಸುವುದು ನನ್ನ ಕೆಲಸ. ದಿನಕ್ಕೆ ಎಷ್ಟೋ ಅರ್ಜಿ. ಒಂದೊಂದನ್ನೂ ಪೂರ್ತಿ ಓದಲು ಹೊತ್ತು ಎಲ್ಲಿ ಸಿಗಬೇಕು? ಕಣ್ಣು ಮೊದಲು ಹೋಗುವುದು ‘ವಿಷಯ’ ಎಂಬ ಸಾಲಿಗೆ. ಆ ಸಾಲು ಸರಿ ಇದ್ದರೆ ಅರ್ಜಿ ಅದೇ ದಿನ ಸರಿಯಾದ ಮೇಜು ಮುಟ್ಟುತ್ತಿತ್ತು. ಇಲ್ಲದಿದ್ದರೆ ಮೂರು ಶಾಖೆ ಸುತ್ತಿ, ಮತ್ತೆ ನನ್ನ ಹತ್ತಿರವೇ ಬರುತ್ತಿತ್ತು.

‘ವಿಷಯ: ನಮ್ಮ ಊರಿನ ತೊಂದರೆ ಕುರಿತು’ ಎಂದು ಬರೆದರೆ ಏನು ತಿಳಿಯಬೇಕು? ನೀರೋ, ರಸ್ತೆಯೋ, ಬಸ್ಸೋ? ಅದನ್ನೇ ಹೀಗೆ ಬರೆಯಿರಿ: ‘ವಿಷಯ: ನಮ್ಮ ಗ್ರಾಮಕ್ಕೆ ಬೆಳಗಿನ 7.30ರ ಬಸ್ಸು ಒಂದು ತಿಂಗಳಿಂದ ಬಾರದಿರುವ ಬಗ್ಗೆ.’ ಓದಿದವನಿಗೆ ಕೆಲಸ ಏನೆಂದು ಅಲ್ಲೇ ಗೊತ್ತಾಯಿತು. ಅದರ ಕೆಳಗೆ ಎಂದಿನಿಂದ ಬಂದಿಲ್ಲ, ಎಷ್ಟು ಮಕ್ಕಳು ಆ ಬಸ್ಸಿಗೆ ಕಾಲೇಜಿಗೆ ಹೋಗುತ್ತಾರೆ, ನಿಮಗೆ ಏನು ಆಗಬೇಕು, ಇಷ್ಟು ಇದ್ದರೆ ಸಾಕು. ಹೆಸರು ಹಿಡಿದು ಬರೆಯಬೇಡಿ, ಹುದ್ದೆಗೆ ಬರೆಯಿರಿ. ಸಾಹೇಬರು ವರ್ಗಾವಣೆ ಆಗಿ ಹೋಗುತ್ತಾರೆ, ಕುರ್ಚಿ ಅಲ್ಲೇ ಇರುತ್ತದೆ. ಬಸ್ಸಿನ ವಿಷಯವಾದರೆ ಬಸ್ ಡಿಪೋದ ಘಟಕ ವ್ಯವಸ್ಥಾಪಕರಿಗೆ ಬರೆದು, ಕೊನೆಗೆ ‘ಪ್ರತಿ’ ಎಂದು ಹಾಕಿ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಒಂದು ಕಳಿಸಿರಿ.

‘ಬೇಡಿಕೊಳ್ಳುತ್ತೇನೆ’ ಎಂಬ ಮಾತು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ‘ದಯಾಳುಗಳಾದ ತಾವು ಬಡವರಾದ ನಮ್ಮ ಮೇಲೆ ಕೃಪೆ ತೋರಿ’ ಎಂದು ಅರ್ಧ ಪುಟ. ಕುಡಿಯುವ ನೀರು ಕೇಳುವುದಕ್ಕೆ ಕೃಪೆ ಏಕೆ ಬೇಕು? ‘ಮಾನ್ಯರೇ’ ಎಂದು ಕರೆದಿದ್ದೀರಿ, ‘ವಂದನೆಗಳೊಂದಿಗೆ’ ಎಂದು ಮುಗಿಸುತ್ತೀರಿ, ಗೌರವಕ್ಕೆ ಅಷ್ಟು ಸಾಕು. ನಡುವೆ ‘ಕೋರುತ್ತೇನೆ’ ಎನ್ನಿರಿ.

ಚಿಕ್ಕದಾಗಿ ಬರೆಯುವುದನ್ನು ಕಲಿಯಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಬರೆದು ನೋಡಿರಿ. 2005ರ ಕಾಯ್ದೆ ಅದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು.

ಇನ್ನೊಂದು ಮಾತು, ಇದು ನನ್ನ ಮನೆಯದೇ. ಅಪ್ಪ ತೀರಿಕೊಂಡ ವರ್ಷ ಅವ್ವನ ವಿಧವಾ ವೇತನಕ್ಕೆ ನಾನೇ ಅರ್ಜಿ ಬರೆದೆ. ಆಗ ನನಗಿನ್ನೂ ನೌಕರಿ ಇರಲಿಲ್ಲ. ಮೂರು ಪುಟ, ಮುತ್ತಿನಂಥ ಅಕ್ಷರ. ಕಚೇರಿಯಲ್ಲಿ ಕೊಟ್ಟು ಕೈಮುಗಿದು ಬಂದೆ. ಆರು ತಿಂಗಳ ನಂತರ ಹೋಗಿ ಕೇಳಿದರೆ ‘ಅಂಥ ಅರ್ಜಿ ಬಂದೇ ಇಲ್ಲ’ ಎಂದರು. ನನ್ನ ಹತ್ತಿರ ನಕಲಿಲ್ಲ, ಸ್ವೀಕೃತಿ ಇಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ ‘ಹೋಗಲಿ ಬಿಡೋ ತಮ್ಮಾ’ ಅಂದಳು. ಆ ದನಿ ಇನ್ನೂ ಕಿವಿಯಲ್ಲಿದೆ. ಅದಕ್ಕೇ ಹೇಳುತ್ತೇನೆ: ಅರ್ಜಿ ಎರಡು ಪ್ರತಿ ಮಾಡಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಿಕ್ಕಾ, ಸಹಿ, ದಿನಾಂಕ ಹಾಕಿಸಿಕೊಂಡೇ ಮೆಟ್ಟಿಲು ಇಳಿಯಿರಿ. ಲಗತ್ತಿಸಿದ ಕಾಗದಗಳನ್ನು ಕೊನೆಯಲ್ಲಿ ಒಂದೊಂದಾಗಿ ಹೆಸರಿಸಿರಿ.

ಇನ್ನು ಮನೆಯ ಪತ್ರ. ಹಿಂದೆ ತಂದೆಗೆ ಬರೆಯುವಾಗ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿ.’, ಮದುವೆಯಾದ ಮಗಳಿಗೆ ‘ಚಿ. ಸೌ.’ ಎನ್ನುತ್ತಿದ್ದೆವು. ಸಾವಿನ ಸುದ್ದಿಯ ಅಂಚೆ ಕಾರ್ಡಿನ ಮೂಲೆ ಹರಿದಿರುತ್ತಿತ್ತು. ಓದಲು ಬಾರದವರಿಗೂ ಟಪಾಲಿನವನ ಕೈಯಲ್ಲಿರುವಾಗಲೇ ತಿಳಿಯುತ್ತಿತ್ತು. ಈಗ ಇವೆಲ್ಲ ಬೇಕೇ ಬೇಕೆಂದು ನಾನು ಹೇಳುವುದಿಲ್ಲ. ‘ಪ್ರೀತಿಯ ಅವ್ವಗ’ ಎಂದು ಶುರು ಮಾಡಿದರೂ ನಡೆಯುತ್ತದೆ. ಮನೆಯಲ್ಲಿ ಆಡುವ ಮಾತೇ ಕಾಗದಕ್ಕೂ ಬರಲಿ. ‘ನಾನು ಇಲ್ಲಿ ಕ್ಷೇಮ’ ಎಂದು ಬರೆದು ನಿಲ್ಲಿಸಬೇಡಿ. ಧಾರವಾಡದ ಹಾಸ್ಟೆಲಿನಲ್ಲಿ ಇರುವವರು ಖಾನಾವಳಿಯ ರೊಟ್ಟಿ ಹೇಗಿದೆ, ಜಿಟಿಜಿಟಿ ಮಳೆಗೆ ಬಟ್ಟೆ ಎಲ್ಲಿ ಒಣಗಿಸಿದಿರಿ, ಜ್ವರ ಬಂದಾಗ ಯಾರು ಗಂಜಿ ಮಾಡಿಕೊಟ್ಟರು ಎಂದು ಬರೆಯಿರಿ. ಅವ್ವನಿಗೆ ನೀವು ಇರುವ ಜಾಗ ಕಾಣಬೇಕು. ಆ ಪತ್ರವನ್ನು ಪಡಸಾಲೆಯಲ್ಲಿ ಕುಳಿತು ಯಾರೋ ಗಟ್ಟಿಯಾಗಿ ಓದುತ್ತಾರೆ, ನೆರೆಮನೆಯವರೂ ಕೇಳುತ್ತಾರೆ. ಆದ್ದರಿಂದ ಸಾಲದ ಸುದ್ದಿ, ಸೊಸೆಯ ಸುದ್ದಿ ಕಾರ್ಡಿನಲ್ಲಿ ಬೇಡ, ಅದಕ್ಕೆ ಮಡಚಿ ಅಂಟಿಸುವ ಇನ್‌ಲ್ಯಾಂಡ್ ಪತ್ರ ಇದೆ.

ದುಃಖದ ಮನೆಗೆ ಬರೆಯುವಾಗ ಉಪದೇಶ ಹೇಳಬೇಡಿ. ಹೋದವರು ನಿಮಗೆ ಮಾಡಿದ ಒಂದು ಉಪಕಾರ ನೆನೆದು ನಾಲ್ಕು ಸಾಲು ಬರೆಯಿರಿ. ನನ್ನ ಅಪ್ಪ ಹೋದಾಗ ಬಂದ ಪತ್ರಗಳಲ್ಲಿ ಅಂಥದೊಂದನ್ನು ಅವ್ವ ಸಂದೂಕದಲ್ಲಿ ಇಟ್ಟುಕೊಂಡಿದ್ದಳು. ಓದಲು ಬಾರದವಳು, ತೆಗೆದು ನೋಡಿ ಮತ್ತೆ ಮಡಚಿ ಇಡುತ್ತಿದ್ದಳು.

ವಿಳಾಸದ ಮಾತು ಉಳಿಯಿತು. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಮೇಲೂ ಎಷ್ಟೋ ದಿನ ‘ಜಿ: ಧಾರವಾಡ’ ಎಂದು ಬರೆದ ಪತ್ರಗಳು ನಮಗೆ ಬರುತ್ತಿದ್ದವು, ಪಿನ್ ಕೋಡ್ ಸರಿ ಇದ್ದುದರಿಂದ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಕೊನೆಯ ಮೂರು ನಿಮ್ಮ ಅಂಚೆ ಕಚೇರಿಯನ್ನೇ ತೋರಿಸುತ್ತವೆ. ಹಾವೇರಿ ಪಟ್ಟಣಕ್ಕೆ 581110. ಹೊಸಳ್ಳಿ, ಬಸಾಪುರ ಎಂಬ ಊರುಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ! ಅಂಕಿ ಇಲ್ಲದಿದ್ದರೆ ನಿಮ್ಮ ಮಾತು ಬೇರೆ ಬಸಾಪುರಕ್ಕೆ ಹೋಗುತ್ತದೆ.

ಈಗ ಎಲ್ಲರಿಗೂ ಒಂದೊಂದು ಕಾರ್ಡು ಕೊಡುತ್ತಾರೆ, 50 ಪೈಸೆಯದು. ಮೊದಲು ವಿಳಾಸ ಬರೆಯಿರಿ, ಆಮೇಲೆ ಒಳಗಿನ ಮಾತು. ನಿಮ್ಮ ಊರಿನ ಪಿನ್ ಕೋಡ್ ಗೊತ್ತಿಲ್ಲದವರು ಕೈ ಎತ್ತಿರಿ, ನಾನೇ ಬಂದು ಹೇಳುತ್ತೇನೆ.