ಯಾವ ಕಿಟಕಿಗೆ ಕಾಣಲಿ ಅಂತ ಕಟ್ಟಿದರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ, ಈ ಬೇಸಿಗೆಗೆ ಹೋಗಿ ಒಂದೆರಡು ತಿಂಗಳು ಇದ್ದು ಬರೋಣ ಅಂತ ಟಿಕೆಟ್ ಮಾಡಿಸಿ ಕೂತವರು ನಿಮ್ಮಲ್ಲಿ ಖಂಡಿತ ಇದ್ದೀರಿ. ಇವತ್ತಿನ ಮಾತು ನಿಮಗಾಗಿ. ಲಂಡನ್ನಿನ ದೊಡ್ಡ ಗಡಿಯಾರ, ಅರಮನೆ, ಸೇತುವೆ ಎಲ್ಲ ಹೇಗೂ ನೋಡುತ್ತೀರಿ. ಅದಕ್ಕೆ ನಾನು ಬೇಕಿಲ್ಲ. ನಾನು ಹೇಳಹೊರಟಿರುವುದು ಹಳ್ಳಿಗಾಡಿನ ಗುಡ್ಡಗಳ ಮೇಲೆ ಒಂಟಿಯಾಗಿ ನಿಂತ ಗೋಪುರಗಳ ವಿಷಯ.

ಕಾರಿನಲ್ಲಿ ಹೋಗುವಾಗ ದೂರದಲ್ಲಿ ಒಂದು ಕಣ್ಣಿಗೆ ಬೀಳುತ್ತದೆ. ಕೋಟೆ ಇರಬೇಕು ಅಂದುಕೊಳ್ಳುತ್ತೀರಿ. ಅಲ್ಲಿ ಯಾವ ಯುದ್ಧವೂ ನಡೆದಿರುವುದಿಲ್ಲ. ಯಾವ ರಾಜನೂ ವಾಸ ಮಾಡಿರುವುದಿಲ್ಲ. ಇಂಥದ್ದನ್ನು ಅಲ್ಲಿಯ ಜನ ಫಾಲಿ ಅನ್ನುತ್ತಾರೆ. ಹೆಚ್ಚಿನವು 18ನೇ ಶತಮಾನದಲ್ಲಿ, 19ರ ಮೊದಲ ಭಾಗದಲ್ಲಿ ದೊಡ್ಡ ಜಮೀನುದಾರರು ಬರೀ ನೋಟಕ್ಕೆ ಅಂತ ಕಟ್ಟಿಸಿದವು.

ಕಟ್ಟಡಗಳ ಚರಿತ್ರೆ ಪಾಠ ಮಾಡುವವನು ನಾನು. ಫಾಲಿ ನೋಡಲು ಹೊರಟವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಗೋಪುರದ ಮುಂದೆ ನಿಂತಾಗ ಎತ್ತರ ಎಷ್ಟು, ಖರ್ಚೆಷ್ಟು ಅಂತ ಕೇಳಬೇಡಿ. ಯಾವ ಮನೆಯ ಕಿಟಕಿಗೆ ಕಾಣಲಿ ಅಂತ ಕಟ್ಟಿದರು? ಅದನ್ನು ಕೇಳಿ. ಗೋಪುರಕ್ಕೆ ಬೆನ್ನು ಮಾಡಿ ನಿಂತು ಆ ಮನೆ ಯಾವ ಕಡೆ ಇದೆ ಅಂತ ಹುಡುಕಿ. ಮನೆ ಸಿಕ್ಕಿದರೆ ಗೋಪುರ ಅರ್ಥವಾಯಿತು ಅಂತ.

ವೂಸ್ಟರ್‌ಶೈರಿನ ಬ್ರಾಡ್‌ವೇ ಗೋಪುರವನ್ನೇ ತೆಗೆದುಕೊಳ್ಳಿ. ಕಾಟ್ಸ್‌ವೋಲ್ಡ್ ಬೆಟ್ಟಸಾಲಿನ ಅಂಚಿನಲ್ಲಿ, 312 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ಗೋಪುರ ಮಾತ್ರ 65 ಅಡಿ, ಅಷ್ಟೇ. ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಕ್ರೂಮ್ ಕೋರ್ಟ್ ಎಂಬ ಬಂಗಲೆ. ಅಲ್ಲಿದ್ದ ಲೇಡಿ ಕವೆಂಟ್ರಿಗೆ ಒಂದು ಕುತೂಹಲ. ಆ ಗುಡ್ಡದ ಮೇಲೆ ಬೆಂಕಿ ಹಾಕಿದರೆ ನಮ್ಮ ಮನೆಗೆ ಕಾಣುತ್ತದಾ? ಹಾಕಿಸಿ ನೋಡಿದರಂತೆ. ಕಂಡಿತು. ಸರಿ, ಅಲ್ಲೇ ಗೋಪುರ ಎದ್ದಿತು. ಜೇಮ್ಸ್ ವಯಟ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿದ. 1799ರ ಹೊತ್ತಿಗೆ ಕೆಲಸ ಮುಗಿಯಿತು. ನೋಡಿ, ಜಾಗ ಆರಿಸಿದ್ದೇ ಕಿಟಕಿ!

ಮುಂದೆ ಆ ಗೋಪುರಕ್ಕೆ ಇನ್ನೊಂದು ಭಾಗ್ಯ ಬಂತು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಗೆಳೆಯರ ಜೊತೆ ಅಲ್ಲಿ ತಂಗುತ್ತಿದ್ದರು. ಹಳೆಯ ಕಟ್ಟಡಗಳನ್ನು ರಿಪೇರಿ ಹೆಸರಿನಲ್ಲಿ ಕೆಡಿಸುವುದನ್ನು ಕಂಡು ಅವರಿಗೆ ಸಂಕಟವಾಗುತ್ತಿತ್ತು. 1876ರಲ್ಲಿ ಆ ಗೋಪುರದಲ್ಲಿ ಕೂತೇ ಈ ಬಗ್ಗೆ ಪತ್ರ ಬರೆದರು. ಮರುವರ್ಷ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು. ಆ ಸಂಘ ಇವತ್ತಿಗೂ ಕೆಲಸ ಮಾಡುತ್ತಿದೆ.

ಬಾತ್ ಊರಿನ ಮೇಲೊಂದು ಕೋಟೆ ಇದೆ. ಶಾಮ್ ಕಾಸಲ್. ರಾಲ್ಫ್ ಆಲನ್ ಎಂಬ ಸಿರಿವಂತ 1762ರಲ್ಲಿ ಕಟ್ಟಿಸಿದ್ದು. ಊರೊಳಗಿನ ಅವನ ಮನೆಯಿಂದ ನೋಡಿದರೆ ಬುರುಜು, ಕಮಾನು, ತೆನೆಗೋಡೆ ಎಲ್ಲ ಇರುವ ಭರ್ಜರಿ ಕೋಟೆ. ಗುಡ್ಡ ಹತ್ತಿ ಹಿಂದಕ್ಕೆ ಹೋಗಿ ನೋಡಿ. ಏನೂ ಇಲ್ಲ! ಒಂದು ಗೋಡೆ, ಅಷ್ಟೇ. ಕಿಟಕಿಗೆ ಕಾಣದ ಭಾಗವನ್ನು ಕಟ್ಟಲೇ ಇಲ್ಲ. ನಾನು ಹೇಳುತ್ತಿರುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಮುಂದಿನಿಂದ ಒಂದು ಫೋಟೋ ಹೊಡೆದುಕೊಂಡು ಕೆಳಗಿಳಿಯುವವರನ್ನು ಕಂಡರೆ ನನಗೆ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗೋಣ ಅನ್ನಿಸುತ್ತದೆ. ದಯವಿಟ್ಟು ಹಿಂದಕ್ಕೆ ಹೋಗಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈಸ್ಟ್ ಸಸೆಕ್ಸಿನಲ್ಲಿ ಬ್ರೈಟ್‌ಲಿಂಗ್ ಅಂತ ಒಂದು ಹಳ್ಳಿ. ಅಲ್ಲಿಯ ಜಮೀನುದಾರ ಜಾನ್ ಫುಲ್ಲರ್. ಹುಟ್ಟಿದ್ದು 1757ರಲ್ಲಿ, ತೀರಿಕೊಂಡದ್ದು 1834ರಲ್ಲಿ. ಪಾರ್ಲಿಮೆಂಟ್ ಸದಸ್ಯ. ಭಾರಿ ದೇಹ, ಭಾರಿ ಗಂಟಲು. ಜನ ಅವನನ್ನು ಮ್ಯಾಡ್ ಜ್ಯಾಕ್ ಅಂತ ಕರೆದರು. ತನ್ನನ್ನು ಆನೆಸ್ಟ್ ಜಾನ್ ಅನ್ನಬೇಕು ಅಂತ ಅವನಿಗೆ ಆಸೆ. ಮನೆತನದ ದುಡ್ಡು ಬಂದದ್ದು ಕಬ್ಬಿಣದ ಕುಲುಮೆಗಳಿಂದ, ಮತ್ತೆ ಜಮೈಕಾದ ಕಬ್ಬಿನ ತೋಟಗಳಿಂದ. ಆ ತೋಟಗಳಲ್ಲಿ ದುಡಿದವರು ಗುಲಾಮರು. ಗುಲಾಮಗಿರಿ ಹೋಗಬಾರದು ಅಂತ ಪಾರ್ಲಿಮೆಂಟಿನಲ್ಲಿ ವಾದಿಸಿದವನು ಇವನು. ಇದನ್ನು ಬಿಟ್ಟು ಬರೀ ತಮಾಷೆಯ ಮನುಷ್ಯ ಅಂತ ಅವನ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಊರವರು ಹೇಳುವುದನ್ನು ಕೇಳಿ. ಫುಲ್ಲರ್ ಒಮ್ಮೆ ಲಂಡನ್ನಿನಲ್ಲಿ ಗೆಳೆಯರ ಜೊತೆ ಊಟಕ್ಕೆ ಕೂತಿದ್ದಾನೆ. ಮಾತಿಗೆ ಮಾತು ಬೆಳೆಯಿತು. "ನಮ್ಮ ಮನೆಯ ಕಿಟಕಿಯಿಂದ ಡ್ಯಾಲಿಂಗ್ಟನ್ ಚರ್ಚಿನ ಶಿಖರ ಕಾಣುತ್ತದೆ" ಅಂದ. "ಸಾಧ್ಯವೇ ಇಲ್ಲ" ಅಂದರು. "ಬಾಜಿ ಕಟ್ಟುತ್ತೀರಾ?" ಅಂದ. ಕಟ್ಟಿದರು. ಊರಿಗೆ ಬಂದು ಪರದೆ ಸರಿಸಿ ನೋಡುತ್ತಾನೆ, ಚರ್ಚ್ ಎಲ್ಲಿ? ನಡುವೆ ದಿಣ್ಣೆ ಅಡ್ಡ ಕೂತಿದೆ!

ಬೇರೆಯವರಾದರೆ ಸೋತೆ ಅಂತ ದುಡ್ಡು ಕೊಟ್ಟು ಸುಮ್ಮನಾಗುತ್ತಿದ್ದರು. ಇವನು ಆಳುಗಳನ್ನು ಕರೆದ. ಆ ದಿಣ್ಣೆಯ ಮೇಲೆ ಕಲ್ಲು ಹೊರಿಸಿದ. ಕೆಳಗೆ ಅಗಲ, ಮೇಲೆ ಹೋಗುತ್ತಾ ಚೂಪು. 35 ಅಡಿ ಎತ್ತರದ ಒಂದು ಶಂಕು ತಯಾರಾಯಿತು. ಮನೆಯಿಂದ ನೋಡಿದರೆ ದಿಣ್ಣೆಯ ಆಚೆ ಚರ್ಚಿನ ಶಿಖರ ತಲೆ ಎತ್ತಿದ ಹಾಗೆಯೇ. ಗೆಳೆಯರು ಬಂದರು, ನೋಡಿದರು, ಬಾಜಿ ಸೋತರು. ಆ ಶಂಕುವಿಗೆ ಷುಗರ್ ಲೋಫ್ ಅಂತ ಹೆಸರು. ಆಗ ಅಲ್ಲಿ ಸಕ್ಕರೆಯನ್ನು ಅದೇ ಆಕಾರದ ಅಚ್ಚುಗಳಲ್ಲಿ ಮಾರುತ್ತಿದ್ದರು. ನಮ್ಮ ಸಂತೆಯ ಬೆಲ್ಲದಚ್ಚು ನೆನೆಸಿಕೊಳ್ಳಿ, ಅದನ್ನು ಇನ್ನೂ ಚೂಪು ಮಾಡಿ. ಸಕ್ಕರೆಯ ದುಡ್ಡಿನಲ್ಲಿ ಎದ್ದ ಸಕ್ಕರೆ ಅಚ್ಚು.

ಅದು ಇವತ್ತಿಗೂ ಹೊಲದ ನಡುವೆ ನಿಂತಿದೆ. ಒಳಗೆ ಹೋಗಿ ತಲೆ ಎತ್ತಿ ನೋಡಿ. ಕಲ್ಲಿನ ವರಸೆಗಳು ಸುತ್ತು ಸುತ್ತಾಗಿ ಕಿರಿದಾಗುತ್ತಾ ಹೋಗಿ ತುದಿಯಲ್ಲಿ ಕೂಡಿಕೊಳ್ಳುತ್ತವೆ. ಒಂದು ಕಾಲಕ್ಕೆ ಅದರೊಳಗೆ ಜನ ಸಂಸಾರ ಹೂಡಿದ್ದರು. ಇಷ್ಟು ಕಿರಿದಾದ ಜಾಗದಲ್ಲಿ!

ಅದೇ ಫುಲ್ಲರ್ 1811ರಲ್ಲಿ, ಬದುಕಿದ್ದಾಗಲೇ, ಬ್ರೈಟ್‌ಲಿಂಗ್ ಚರ್ಚಿನ ಅಂಗಳದಲ್ಲಿ ತನಗೆ ಅಂತ ಪಿರಮಿಡ್ ಆಕಾರದ ಸಮಾಧಿ ಕಟ್ಟಿಸಿಕೊಂಡ. ಅದರೊಳಗೆ ಅವನು ಟೋಪಿ ಹಾಕಿಕೊಂಡು, ವೈನ್ ಬಾಟಲಿ ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ ಅಂತ ತಲೆಮಾರುಗಟ್ಟಲೆ ಜನ ನಂಬಿದ್ದರು. 1982ರ ದುರಸ್ತಿಯಲ್ಲಿ ನೋಡಿದಾಗ ಅದೆಲ್ಲ ಸುಳ್ಳು ಅಂತ ಗೊತ್ತಾಯಿತು. ಎಲ್ಲರ ಹಾಗೆ ನೆಲದಡಿಯಲ್ಲೇ ಹೂತಿದ್ದಾರೆ. ಬೊಡಿಯಮ್ ಕೋಟೆ ಗೊತ್ತಲ್ಲ, ಸುತ್ತ ನೀರಿನ ಕಂದಕ ಇರುವ ಆ ಚಂದದ ಕೋಟೆ? ಅದನ್ನು ಕೆಡವಿಬಿಡುತ್ತಾರೆ ಅಂದಾಗ 1820ರ ದಶಕದ ಕೊನೆಯಲ್ಲಿ ಕೊಂಡು ಉಳಿಸಿದವನೂ ಇವನೇ. ಬ್ರೈಟ್‌ಲಿಂಗ್‌ಗೆ ಹೋದ ದಿನವೇ ಅದನ್ನೂ ನೋಡಬಹುದು, ದೂರವೇನಿಲ್ಲ.

ಸಮಯ ಕಡಿಮೆ ಇದೆ ಅಂತ ಕೈಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ವಿಲ್ಟ್‌ಶೈರಿನ ಸ್ಟೌರ್‌ಹೆಡ್ ತೋಟ ನೋಡಲು ತುಂಬಾ ಜನ ಹೋಗುತ್ತಾರೆ. ಕೆರೆ ಸುತ್ತಿ ವಾಪಸ್ಸು ಬಂದುಬಿಡುತ್ತಾರೆ. ಅದೇ ಎಸ್ಟೇಟಿನ ಅಂಚಿನಲ್ಲಿ ಕಿಂಗ್ ಆಲ್ಫ್ರೆಡ್ ಗೋಪುರ ಇದೆ. ಬ್ಯಾಂಕಿನ ಮನೆತನದ ಹೆನ್ರಿ ಹೋರ್ ಕಟ್ಟಿಸಿದ್ದು, 1772ರಲ್ಲಿ ಮುಗಿಯಿತು. ಇಟ್ಟಿಗೆಯದು, ಮೂರು ಮೂಲೆಯದು, 49 ಮೀಟರ್ ಎತ್ತರ. 205 ಮೆಟ್ಟಿಲು. ಮಂಡಿನೋವು ಇಲ್ಲದವರು ಹತ್ತಲೇಬೇಕು.

ಲಂಡನ್ ಬಿಟ್ಟು ಹೋಗುವುದಕ್ಕೆ ಆಗದವರಿಗೆ ಷೂಟರ್ಸ್ ಹಿಲ್ ಮೇಲೆ ಸೆವೆರ್ನ್‌ಡ್ರೂಗ್ ಕಾಸಲ್ ಇದೆ. ಇದೂ ಮೂರು ಮೂಲೆಯದೇ, 63 ಅಡಿ. ಇದಕ್ಕೆ ನಮ್ಮ ದೇಶದ ನಂಟಿದೆ. 1755ರಲ್ಲಿ ಕೊಂಕಣ ಕರಾವಳಿಯ ಸುವರ್ಣದುರ್ಗವನ್ನು ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ ವಿಲಿಯಂ ಜೇಮ್ಸ್ ತೀರಿಕೊಂಡ ಮೇಲೆ, 1784ರಲ್ಲಿ ಅವನ ಹೆಂಡತಿ ಕಟ್ಟಿಸಿದ ಸ್ಮಾರಕ. ಮಾಗಡಿ ಹತ್ತಿರದ ನಮ್ಮ ಸಾವನದುರ್ಗ ಇದಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಹಾಳುಬಿದ್ದಿದ್ದ ಕಟ್ಟಡವನ್ನು ಊರವರೇ ಸೇರಿ ಉಳಿಸಿ, 2014ರಲ್ಲಿ ಮತ್ತೆ ತೆರೆದರು. ಎಂಥ ಒಳ್ಳೆ ಕೆಲಸ, ಅಲ್ವಾ?

ಹೋಗುವ ಮೊದಲು ಒಂದೆರಡು ಮಾತು. ಇಂಥ ಕೆಲವು ಗೋಪುರಗಳ ಬಾಗಿಲು ವಾರದಲ್ಲಿ ಒಂದೆರಡು ದಿನ ಮಾತ್ರ ತೆರೆದಿರುತ್ತದೆ. ಮಕ್ಕಳಿಗೆ ಹೇಳಿ ಮೊದಲೇ ವಿಚಾರಿಸಿಕೊಳ್ಳಿ. ಕುರಿ ಮೇಯುವ ಹೊಲಗಳ ನಡುವೆ ನಡೆಯಬೇಕಾಗುತ್ತದೆ. ಹಳದಿ ಬಾಣದ ಗುರುತು ಇದ್ದರೆ ಅದು ಸಾರ್ವಜನಿಕ ಕಾಲುದಾರಿ, ಖಾಸಗಿ ಜಮೀನಾದರೂ ಧೈರ್ಯವಾಗಿ ಹೋಗಬಹುದು. ಗೇಟು ತೆಗೆದವರು ಮುಚ್ಚಿಕೊಂಡೇ ಹೋಗಬೇಕು. ಬೇಸಿಗೆಯಾದರೂ ಗುಡ್ಡದ ಮೇಲೆ ಗಾಳಿ ಜೋರು, ಸ್ವೆಟರ್ ಇರಲಿ.

ಒಂದಕ್ಕೇ ಹೋಗಲು ಆಗುವುದು ಅನ್ನುವವರು ಬ್ರಾಡ್‌ವೇಗೆ ಹೋಗಿ. ಕಾರಿನಲ್ಲೇ ಮೇಲಿನವರೆಗೆ ಬಿಡುತ್ತೇವೆ ಅಂತ ಮಕ್ಕಳು ಹೇಳುತ್ತಾರೆ, ಬೇಡ ಅನ್ನಿ. ಊರಿನಿಂದ ಕಾಟ್ಸ್‌ವೋಲ್ಡ್ ವೇ ಕಾಲುದಾರಿ ಹಿಡಿದು ನಡೆದು ಹತ್ತಿ. ಮೇಲಿನ ಮಾಳಿಗೆಗೆ ಹೋದ ಮೇಲೆ ವಾಯವ್ಯಕ್ಕೆ ತಿರುಗಿ. ಕ್ರೂಮ್ ಕೋರ್ಟ್ ಇರುವುದು ಆ ಕಡೆ.

ನಮಸ್ಕಾರ.