ಚಹಾ, ಮನಸ್ಸು, ನಾಲ್ಕು ಗಂಟೆ

ಕೇಳುಗರಿಗೆಲ್ಲ ನಮಸ್ಕಾರ. ಬೆಳಗಿನ ಹೊತ್ತು, ನಿಮ್ಮಲ್ಲಿ ಹಲವರ ಕೈಯಲ್ಲಿ ಚಹಾ ಲೋಟ ಇದ್ದೀತು. ಕುಡಿಯುತ್ತಲೇ ಕೇಳಿ. ಚಹಾ ಬಿಡಿ ಎನ್ನಲು ನಾನು ಬಂದಿಲ್ಲ. ಸಂಜೆ ನಾಲ್ಕರ ಮೇಲೆ ಬೇಡ, ಅಷ್ಟೇ ನನ್ನ ಮಾತು.

ಚಹಾ ಎಲೆಯಲ್ಲಿ ಮನಸ್ಸಿಗೆ ಸಂಬಂಧಪಟ್ಟ ಎರಡು ವಸ್ತುಗಳಿವೆ. ಒಂದು ಕೆಫೀನ್. ದುಡಿದ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. 'ಸಾಕು, ಮಲಗು' ಎನ್ನುವುದು ಅದೇ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ದಣಿವು ಇದ್ದಲ್ಲೇ ಇದೆ, ಸುದ್ದಿ ಮಾತ್ರ ಮುಟ್ಟುವುದಿಲ್ಲ.

ಇನ್ನೊಂದು ಥಿಯಾನಿನ್. ನನಗೆ ಬಲು ಇಷ್ಟದ್ದು! 1949ರಲ್ಲಿ ಜಪಾನಿನ ಸಕಾತೊ ಎಂಬುವರು ಗ್ಯೊಕುರೊ ಎಂಬ ಹಸಿರು ಚಹಾದಲ್ಲಿ ಇದನ್ನು ಗುರುತಿಸಿದರು. ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುತ್ತದೆ. ಬಿಸಿಲು ಬಿದ್ದಷ್ಟೂ ಒಗರಿನ ಕ್ಯಾಟೆಚಿನ್ ಆಗಿ ಬದಲಾಗುತ್ತದೆ. ಅದಕ್ಕೇ ಗ್ಯೊಕುರೊ ತೋಟಕ್ಕೆ ಕೊಯ್ಲಿಗೆ ಸುಮಾರು 20 ದಿನ ಮೊದಲೇ ಚಪ್ಪರ ಹಾಕಿ ನೆರಳು ಮಾಡುತ್ತಾರೆ. ಥಿಯಾನಿನ್ ಮಿದುಳು ಮುಟ್ಟಿದರೆ ಅಲ್ಲಿ ಆಲ್ಫಾ ಎಂಬ ವಿದ್ಯುತ್ ಅಲೆಗಳು ಹೆಚ್ಚುತ್ತವೆ, ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಾಗ ಏಳುವಂಥವು. ಕೆಫೀನ್ ಎಬ್ಬಿಸುತ್ತದೆ, ಇದು ತಣಿಸುತ್ತದೆ. ಆದರೆ ಪ್ರಯೋಗಗಳಲ್ಲಿ ಕೊಡುವುದು ಸಾಮಾನ್ಯವಾಗಿ 200 ಮಿಲಿಗ್ರಾಂ. ಒಂದು ಲೋಟದಲ್ಲಿ ಇರುವುದು ಹತ್ತಿಪ್ಪತ್ತು. ಹಾಗಂತ ಹತ್ತು ಲೋಟ ಕುಡಿಯಲು ಹೋಗಬೇಡಿ, ದಯವಿಟ್ಟು.

ಸಾಗರದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಒಮ್ಮೆ ಹೋದಾಗ, "ನಿದ್ದೆನೇ ಬರಲ್ಲ ಮಾರಾಯಾ, ಎದೆ ಡವಡವ ಅನ್ನತ್ತೆ" ಎಂದರು. ರಾತ್ರಿ ಊಟವಾಯಿತು. ಒಂಬತ್ತಕ್ಕೆ ದೊಡ್ಡಮ್ಮ ಅಡುಗೆಮನೆಗೆ ಹೋಗಿ ದೊಡ್ಡ ಸ್ಟೀಲ್ ಲೋಟಕ್ಕೆ ಬಿಸಿನೀರು ಸುರಿದು, ಹಸಿರು ಚಹಾದ ಎರಡು ಚೀಲ ಇಳಿಬಿಟ್ಟರು. ಹತ್ತು ನಿಮಿಷ ಬಿಟ್ಟು ಚಮಚದಿಂದ ಒತ್ತಿ ಒತ್ತಿ ಹಿಂಡಿದರು. "ದುಡ್ಡು ಕೊಟ್ಟದ್ದಲ್ವಾ!" ಯಾರೋ ಹೇಳಿದ್ದರಂತೆ, ಹಸಿರು ಚಹಾ ಮನಸ್ಸಿಗೆ ತಂಪು, ನಿದ್ದೆ ಬರುತ್ತದೆ ಎಂದು. ಅದರಲ್ಲೂ ಕೆಫೀನ್ ಇದೆ ದೊಡ್ಡಮ್ಮಾ ಎಂದೆ. "ಹಸಿರಿನಲ್ಲೂ ಇರತ್ತಾ?" ಇರುತ್ತದೆ. ಒಂದೇ ಗಿಡದ ಎಲೆ. ಒಂಬತ್ತಕ್ಕೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಎರಡಕ್ಕೂ ಮೈಯಲ್ಲೇ ಇರುತ್ತದೆ. ನಾಲ್ಕರ ಮೇಲೆ ಬೇಡ ಎಂದು ಹೇಳಿ ಮಲಗಿದೆ. ಮರುದಿನ ಬೆಳಿಗ್ಗೆ ಬಚ್ಚಲ ಹಿಂದೆ ದಾಸವಾಳದ ಬುಡದಲ್ಲಿ ಮತ್ತೆರಡು ಚೀಲ! ವಾದ, ಮುನಿಸು, ಎಲ್ಲ ಆಯಿತು. ಕಡೆಗೆ ಬಿಟ್ಟರು. ವಾರದಲ್ಲಿ ನಿದ್ದೆ ಬಂತು. ಹೆಸರು ಬಂದದ್ದು ಮಾತ್ರ ತಲೆಗೆ ತಿಕ್ಕಿದ ಬ್ರಾಹ್ಮಿ ಎಣ್ಣೆಗೆ.

ಗಾಜಿನ ಆಚೆಯಿಂದ ಸಮಯ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಊಟದ ಜೊತೆ ಚಹಾ ಬೇಡ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ; ಒಂದು ಗಂಟೆ ಬಿಡಿ. ರಾತ್ರಿ ಬಿಸಿ ಏನಾದರೂ ಬೇಕೇ ಬೇಕು ಎಂದರೆ ಕೊತ್ತಂಬರಿ ಜೀರಿಗೆ ಕಷಾಯ ಇದೆಯಲ್ಲ, ಅದರಲ್ಲಿ ಕೆಫೀನ್ ಇಲ್ಲ. ನಾಲ್ಕರ ಮೇಲೆ ಅದೇ ಇರಲಿ.

ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ ಚಹಾ, ಕಷಾಯ ಎರಡನ್ನೂ ನಂಬಿ ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಪೆನ್ನು ತಗೊಳ್ಳಿ: ಒಂದು ನಾಲ್ಕು ನಾಲ್ಕು ಒಂದು ಆರು. ಇನ್ನೊಮ್ಮೆ, 14416. ನಮಸ್ಕಾರ.