ಒಣ ಹಳ್ಳಕ್ಕೆ ನೀರು ಬಂದಾಗ

(ಕಡೂರಿನಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಡೂರಿಗೆ ಬಂದು ಮಳೆ ಜಾಸ್ತಿಯಾದರೆ ಕಷ್ಟ ಅಂತ ಭಾಷಣ ಮಾಡುವುದು ತಮಾಷೆಯಾಗಿ ಕಾಣಬಹುದು. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡುವ ಸೀಮೆ ಇದು. ಟ್ಯಾಂಕರ್ ಸದ್ದು ಕೇಳಿದರೆ ಕೊಡ ಹಿಡಿದು ಓಡುವ ಸೀಮೆ. "ಬರ್ಲಿ ಬಿಡಿ ಸಾರ್, ಎಷ್ಟು ಬಂದ್ರೂ ಬೇಡ ಅನ್ನಲ್ಲ" ಅಂತ ಹಿಂದಿನ ಸಾಲಿನಿಂದ ಯಜಮಾನರೊಬ್ಬರು ಆಗಲೇ ಅಂದರು. ಸರಿ ಯಜಮಾನ್ರೇ, ನಾನೂ ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಮಳೆ ಬಂತು ಅಂತ ಕೇಳಿ ಸುಮ್ಮನಾದರೆ ಸಾಲದು. ಎಷ್ಟು ಹೊತ್ತಿನಲ್ಲಿ ಬಂತು, ಎಂಥ ನೆಲದ ಮೇಲೆ ಬಿತ್ತು, ಹರಿದು ಹೋಗಲು ಅದಕ್ಕೆ ದಾರಿ ಇತ್ತಾ ಅಂತಲೂ ಕೇಳಬೇಕು.

ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಕಡೂರಿನಲ್ಲಿ 600 ಚಿಲ್ಲರೆ. ಮುಂಗಾರಿನ ಮೋಡ ಘಟ್ಟ ಹತ್ತಿ, ಬಾಬಾಬುಡನ್ ಗಿರಿ ದಾಟಿ ಈ ಕಡೆ ಬರುವ ಹೊತ್ತಿಗೆ ಬರಿದಾಗಿರುತ್ತದೆ, ನಮ್ಮ ಪಾಲಿಗೆ ಉಳಿಯುವುದು ಗಾಳಿ. ಪಕ್ಕದ ಅರಸೀಕೆರೆಯ ಪಾಡೂ ಇದೇ. ಮೂಡಿಗೆರೆಯಲ್ಲಿ ಜುಲೈನಲ್ಲಿ ಒಂದು ದಿನಕ್ಕೆ 100 ಮಿ.ಮೀ. ಸುರಿದರೆ ಮಕ್ಕಳು ಡಿಸಿ ರಜೆ ಕೊಟ್ಟರಾ ಅಂತ ಮೊಬೈಲ್ ನೋಡುತ್ತಾರೆ, ದೊಡ್ಡವರು ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುತ್ತಾರೆ. ಅದೇ 100 ಮಿ.ಮೀ. ನಮ್ಮ ತಾಲ್ಲೂಕಿನ ಯಗಟಿಯಲ್ಲೋ ಪಂಚನಹಳ್ಳಿಯಲ್ಲೋ ಎರಡು ಗಂಟೆಯಲ್ಲಿ ಬಿದ್ದರೆ ಊರಿಗೆ ಊರೇ ರಾತ್ರಿಯಿಡೀ ಎದ್ದು ಕೂರಬೇಕಾಗುತ್ತದೆ. ಹಾಗಂತ ಮಲೆನಾಡಿಗೆ ಅಪಾಯವೇ ಇಲ್ಲ ಅಂತಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿದವು. ಆದರೆ ಅಲ್ಲಿನ ಕಷ್ಟ ಬೇರೆ, ಇಲ್ಲಿನದು ಬೇರೆ.

ಮೊದಲು ನೆಲದಿಂದ ಶುರು ಮಾಡೋಣ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದೇನೆ, ಮುಂದಿನ ಸಾಲಿನವರು ಸ್ವಲ್ಪ ಹತ್ತಿರ ಬನ್ನಿ. ಎರಡರಲ್ಲೂ ಇರುವುದು ಒಂದೇ ಹೊಲದ ಕೆಮ್ಮಣ್ಣು. ಎಡಗಡೆಯದನ್ನು ನಿನ್ನೆಯಿಂದ ಆಗಾಗ ನೀರು ಚಿಮುಕಿಸಿ ತೇವ ಮಾಡಿ ಇಟ್ಟಿದ್ದೆ. ಬಲಗಡೆಯದು ಬಿಸಿಲಿಗೆ ಒಣಗಿ ಪುಡಿಪುಡಿಯಾದದ್ದು. ಈಗ ಎರಡಕ್ಕೂ ಒಂದೊಂದು ಲೋಟ ನೀರು ಹಾಕುತ್ತೇನೆ. ಎಡಗಡೆ ನೀರು ಸದ್ದಿಲ್ಲದೆ ಇಳಿಯಿತು. ಬಲಗಡೆ ನೋಡಿ, ನೀರು ಗುಂಡುಗುಂಡಾಗಿ ಧೂಳು ಮೆತ್ತಿಕೊಂಡು ಉರುಳುತ್ತಾ ಇದೆ, ಒಂದು ಮೂಲೆಯಿಂದ ತಟ್ಟೆಯ ಆಚೆಗೂ ಚೆಲ್ಲಿತು. ಬೆರಳಿನಿಂದ ಕೆದಕಿದರೆ ಅರ್ಧ ಇಂಚು ಕೆಳಗೆ ಮಣ್ಣು ಇನ್ನೂ ಒಣಒಣ. ಮುದ್ದೆ ತಿರುವುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಗಿ ಹಿಟ್ಟು ಗಂಟು ಕಟ್ಟಿದಾಗ ಹೊರಗೆ ಬೆಂದು ಒಳಗೆ ಹಿಟ್ಟು ಹಾಗೇ ಉಳಿಯುತ್ತದಲ್ಲ, ಅದೇ ತರಹ.

ಯಾಕೆ ಹೀಗೆ? ಕಾರಣ ಒಂದೇ ಅಲ್ಲ. ಒಣ ಮಣ್ಣಿನ ಸಂದಿಗಳಲ್ಲಿ ಗಾಳಿ ತುಂಬಿರುತ್ತದೆ, ನೀರು ಒಳಗೆ ಹೋಗಬೇಕಾದರೆ ಆ ಗಾಳಿ ಹೊರಗೆ ಬರಬೇಕು. ಕೊಳೆತ ಎಲೆ, ಬೇರುಗಳಿಂದ ಬರುವ ಮೇಣದಂಥ ಪದಾರ್ಥ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ, ಮಣ್ಣು ಪೂರ್ತಿ ಒಣಗಿದಾಗ ಅದು ನೀರನ್ನು ದೂರ ತಳ್ಳುತ್ತದೆ. ಬೆಂಕಿ ಬಿದ್ದ ಗುಡ್ಡದಲ್ಲಿ ಇದು ಇನ್ನೂ ಜಾಸ್ತಿ. ಎಲ್ಲಕ್ಕಿಂತ ಮುಖ್ಯವಾದದ್ದು ಹನಿಯ ಹೊಡೆತ. ದಪ್ಪ ಮಳೆಹನಿ ನೆಲ ಮುಟ್ಟುವಾಗ ಗಂಟೆಗೆ 30 ಕಿ.ಮೀ. ವೇಗದಲ್ಲಿರುತ್ತದೆ. ಹುಲ್ಲೋ ಬೆಳೆಯೋ ಇದ್ದರೆ ಆ ಪೆಟ್ಟು ಎಲೆಯ ಮೇಲೆ ಹೋಗುತ್ತದೆ. ಬೋಳು ನೆಲವಾದರೆ ಹನಿ ನೇರವಾಗಿ ಹೆಂಟೆಯನ್ನು ಒಡೆದು ನುಣ್ಣಗೆ ಮಾಡಿ, ಆ ನುಣುಪು ಮಣ್ಣಿನಿಂದಲೇ ಸಂದಿಗಳನ್ನು ಮುಚ್ಚಿಬಿಡುತ್ತದೆ. ಮಳೆ ಬಂದು ಎರಡು ದಿನ ಬಿಸಿಲಾದರೆ ಹೊಲದ ಮೇಲೆ ಹಪ್ಪಳದ ಹಾಗೆ ಎದ್ದು ನಿಲ್ಲುವ ಪೊರೆ ಅದೇ. ಮೊಳಕೆ ಅದನ್ನು ಒಡೆದು ಬರಲಾರದೆ ಸಾಯುವುದನ್ನು ನೀವೆಲ್ಲ ನೋಡಿದ್ದೀರಿ.

ನೆಲ ಕುಡಿಯುವ ವೇಗಕ್ಕಿಂತ ಮಳೆ ಬೀಳುವ ವೇಗ ಜಾಸ್ತಿಯಾದರೆ ಉಳಿದ ನೀರು ಹರಿಯಲೇಬೇಕು. 1930ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಾರ್ಟನ್ ಎಂಬ ಎಂಜಿನಿಯರ್ ಇದನ್ನು ಲೆಕ್ಕ ಹಾಕಿ ತೋರಿಸಿದ. ಲೆಕ್ಕ ನಮಗೂ ಬರುತ್ತದೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ಒಂದು ಎಕರೆ ಮೇಲೆ 50 ಮಿ.ಮೀ., ಅಂದರೆ ಎರಡು ಇಂಚು ಬಿದ್ದರೆ 2 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ 40 ಬೇಕು. ಇದು ಬರೀ ಒಂದು ಎಕರೆಯದು. ಗುಡ್ಡದ ಬುಡದಲ್ಲಿರುವ ನಿಮ್ಮ ಹಳ್ಳಕ್ಕೆ ಮೇಲಿನಿಂದ ಎಷ್ಟು ನೂರು ಎಕರೆಯ ನೀರು ಇಳಿಯುತ್ತದೆ ಅಂತ ಒಮ್ಮೆ ಮನೆಯಲ್ಲಿ ಕೂತು ಲೆಕ್ಕ ಹಾಕಿ.

ಈ ನೀರು ಒಂದೇ ಸಲ ಹಳ್ಳಕ್ಕೆ ಇಳಿಯುವುದೇ ತೊಂದರೆ. ಮಲೆನಾಡಿನ ಹೊಳೆ ವರ್ಷಪೂರ್ತಿ ಹರಿಯುತ್ತದೆ, ಏರುತ್ತಾ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಣ ಹಳ್ಳ ಹಾಗಲ್ಲ. ಅದು ಹತ್ತು ತಿಂಗಳು ದಾರಿ, ದನ ಓಡಾಡುವ ಜಾಗ, ಮರಳು ತುಂಬುವ ಜಾಗ, ಇತ್ತೀಚೆಗೆ ಕೆಲವು ಕಡೆ ಸೈಟು. ನಮ್ಮ ತಲೆಯ ಮೇಲೆ ಬಿಸಿಲಿರುತ್ತದೆ, ಹತ್ತು ಕಿ.ಮೀ. ಆಚೆ ಗುಡ್ಡದ ಮೇಲೆ ಕಪ್ಪು ಮೋಡ ಒಡೆದಿರುತ್ತದೆ. ನೀರು ಬರುವಾಗ ಸೌದೆ, ಜಾಲಿಮುಳ್ಳು, ಕಲ್ಲು, ಕೆಸರು ಎಲ್ಲ ಹೊತ್ತು ತರುತ್ತದೆ, ಮೊದಲು ಕೇಳುವುದು ಸದ್ದು.

ಲೇಹ್ ಊರನ್ನು ನೋಡಿ. ಲಡಾಖ್ ಅಂದರೆ ಶೀತ ಮರುಭೂಮಿ, ವರ್ಷಕ್ಕೆ 100 ಮಿ.ಮೀ. ಆಸುಪಾಸಿನ ಮಳೆ. 2010ರ ಆಗಸ್ಟ್ 5ರ ರಾತ್ರಿ ಗುಡ್ಡದ ಮೇಲೆ ಮಳೆ ಸುರಿದು ಕೆಸರಿನ ಪ್ರವಾಹ ಊರಿನೊಳಗೆ ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದಿನ ಲೇಹ್‌ನ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ ಎಷ್ಟು ಗೊತ್ತಾ? 12.8 ಮಿ.ಮೀ. ಅರ್ಧ ಇಂಚು! ಮಳೆಮಾಪಕ ಇದ್ದ ಕಡೆ ಬಿದ್ದದ್ದು ಅಷ್ಟು, ಮೇಲಿನ ಗುಡ್ಡದಲ್ಲಿ ಬಿದ್ದದ್ದೇ ಬೇರೆ. ಹಾಗಾಗಿ ತಾಲ್ಲೂಕು ಕಚೇರಿಯಲ್ಲಿ ಎಷ್ಟು ಮಳೆ ದಾಖಲಾಯಿತು ಅನ್ನುವುದನ್ನು ನಂಬಿ ನಿಮ್ಮ ಹಳ್ಳದ ನೀರನ್ನು ಅಳೆಯಬೇಡಿ.

ಕಾಲೇಜಿನ ಹುಡುಗರು ಇದ್ದೀರಿ, ನಿಮಗೆ ಒಂದು ಮಾತು. ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರು ತೇಲುತ್ತದೆ. ಎರಡು ಅಡಿ ಅಂದರೆ ಜೀಪೂ ಹೋಗುತ್ತದೆ. ವೇಗ ಎರಡು ಪಟ್ಟಾದರೆ ನೀರಿನ ತಳ್ಳುವ ಬಲ ನಾಲ್ಕು ಪಟ್ಟು. ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ದಡದಲ್ಲಿ ನಿಂತು ವಿಡಿಯೋ ಮಾಡುವವರು "ಹೋಗ್ ಮಗಾ, ಏನಾಗಲ್ಲ" ಅಂತ ಹುರಿದುಂಬಿಸುತ್ತಾರೆ, ಬೈಕು ಹೋದಮೇಲೆ ಅವರೇ ಕಿರುಚುತ್ತಾರೆ. ಅಂಡರ್‌ಪಾಸ್ ಕೂಡ ಇದೇ ಲೆಕ್ಕ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ವಿಧಾನಸೌಧದ ಹತ್ತಿರ, ಹಾಡುಹಗಲಲ್ಲಿ. ನಮ್ಮಲ್ಲಿ ಹಳಿ ದಾಟಲು ಗೇಟ್ ತೆಗೆದು ಅಂಡರ್‌ಪಾಸ್ ಮಾಡಿದ ಕಡೆಯೆಲ್ಲ ಮಳೆ ಬಂದರೆ ಅದು ಬಾವಿಯೇ. ಸುತ್ತು ಹಾಕಿ ಹೋಗಿ, ಅರ್ಧ ಗಂಟೆ ತಡವಾದರೆ ಏನೂ ಆಗಲ್ಲ.

ಇನ್ನು ಕೆರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಬಯಲುಸೀಮೆಯಲ್ಲಿ ನಿಜವಾದ ಭಯ ಇರುವುದು ಇಲ್ಲಿ. ಅಯ್ಯನಕೆರೆ, ಮದಗದಕೆರೆಯಂಥ ದೊಡ್ಡವನ್ನು ಬಿಡಿ, ಅವನ್ನು ನೋಡಿಕೊಳ್ಳುವವರು ಇದ್ದಾರೆ. ನಾನು ಹೇಳುವುದು ಊರೂರಿನ ಸಣ್ಣ ಕೆರೆ, ಕಟ್ಟೆಗಳ ಬಗ್ಗೆ. ಎಂಟು ವರ್ಷ ಒಣಗಿ ನಿಂತ ಕೆರೆಯ ಏರಿ ಹೇಗಿರುತ್ತದೆ? ಮಣ್ಣು ಕುಗ್ಗಿ ಬಿರುಕು ಬಿಟ್ಟಿರುತ್ತದೆ. ಇಲಿ, ಹೆಗ್ಗಣ ಬಿಲ ತೋಡಿರುತ್ತವೆ. ಬಳ್ಳಾರಿ ಜಾಲಿ ಬೆಳೆದು ಬೇರು ಬಿಟ್ಟಿರುತ್ತದೆ, ಮರ ಕಡಿದಮೇಲೆ ಬೇರು ಕೊಳೆತು ಅಲ್ಲೊಂದು ತೂತು. ಕೋಡಿಯಲ್ಲಿ ಯಾರೋ ನೀರು ಜಾಸ್ತಿ ನಿಲ್ಲಲಿ ಅಂತ ಮಣ್ಣಿನ ಚೀಲ ಇಟ್ಟಿರುತ್ತಾರೆ, ಇನ್ನೊಬ್ಬರು ಕೋಡಿ ಹಳ್ಳದಲ್ಲೇ ಅಡಿಕೆ ಹಾಕಿರುತ್ತಾರೆ. ಇಂಥ ಕೆರೆಗೆ ಒಂದೇ ರಾತ್ರಿ ನೀರು ಬಂದರೆ ಊರಿನವರೆಲ್ಲ ಬಾಗಿನ ಬಿಡುವ ಸಂಭ್ರಮದಲ್ಲಿರುತ್ತಾರೆ. ನಾನು ಮಾತ್ರ ಏರಿಯ ಹಿಂದುಗಡೆ ಹೋಗಿ ನೋಡುತ್ತೇನೆ.

ಹಿಂದುಗಡೆ ಏನು ನೋಡಬೇಕು ಅಂದರೆ, ಬುಡದಲ್ಲಿ ಜಿನುಗುವ ನೀರಿನ ಬಣ್ಣ. ತೂಬಿನ ಅಕ್ಕಪಕ್ಕ ಮೊದಲು ನೋಡಿ, ಎಷ್ಟೋ ಏರಿಗಳು ಒಡೆಯುವುದು ಅಲ್ಲೇ. ತಿಳಿ ನೀರು ಸಣ್ಣಗೆ ಜಿನುಗುತ್ತಾ ಇದ್ದರೆ ಕಣ್ಣಿಟ್ಟಿರಿ, ಗಾಬರಿ ಬೇಡ. ಕೆಂಪು ನೀರು ಬರುತ್ತಿದ್ದರೆ ಏರಿಯ ಒಳಗಿನ ಮಣ್ಣೇ ಹೊರಗೆ ಬರುತ್ತಿದೆ ಅಂತ ಅರ್ಥ, ತೂತು ಗಳಿಗೆ ಗಳಿಗೆಗೂ ದೊಡ್ಡದಾಗುತ್ತಿರುತ್ತದೆ. ಆಗ ಅದರ ಬಾಯಿಗೆ ಕಲ್ಲು ತುರುಕಬೇಡಿ, ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. ಕೆಳಗಿನ ಮನೆಗಳವರನ್ನು ಎಬ್ಬಿಸಿ ಮೊದಲು ಎತ್ತರದ ಜಾಗಕ್ಕೆ ಕಳಿಸಿ, ತಹಶೀಲ್ದಾರರಿಗೆ ಫೋನ್ ಮಾಡಿ. ನಮ್ಮ ಕೆರೆಗಳು ಸರಪಳಿ ಕೆರೆಗಳು, ಮೇಲಿನದು ಒಡೆದರೆ ಅದರ ನೀರು ಕೆಳಗಿನದಕ್ಕೆ ಬಂದು ಅದನ್ನೂ ಒಡೆಯುತ್ತದೆ. ಹಿಂದೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ಮಳೆಗಾಲದ ರಾತ್ರಿ ಏರಿ ಮೇಲೆ ಲಾಟೀನು ಹಿಡಿದು ಓಡಾಡುವುದು ಅವನ ಕೆಲಸವೇ ಆಗಿತ್ತು. ಈಗ ಆ ಕೆಲಸ ಯಾರದು ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ದೊಡ್ಡ ಅಣೆಕಟ್ಟಾದರೆ ಏನಾಗುತ್ತದೆ ಅಂತ ಲಿಬಿಯಾದ ಡೆರ್ನಾದಲ್ಲಿ ಜಗತ್ತು ನೋಡಿತು. ಊರಿನ ನಡುವೆ ಒಣ ಕಣಿವೆ, ಅದರ ಮೇಲ್ಭಾಗದಲ್ಲಿ 1970ರ ದಶಕದ ಎರಡು ಅಣೆಕಟ್ಟು. 2023ರ ಸೆಪ್ಟೆಂಬರ್ 10ರಂದು ಡೇನಿಯಲ್ ಚಂಡಮಾರುತ ಬಂದಾಗ ಆ ಕಡೆಯ ಅಲ್ ಬೈದಾ ಊರಿನಲ್ಲಿ ಒಂದೇ ದಿನಕ್ಕೆ 414 ಮಿ.ಮೀ. ಮಳೆ ದಾಖಲಾಯಿತು. ನಡುರಾತ್ರಿ ಒಂದರ ಹಿಂದೆ ಒಂದು ಎರಡೂ ಒಡೆದವು. ಸಾವಿರಾರು ಜನ ಮಲಗಿದ್ದಲ್ಲೇ ಸಮುದ್ರ ಸೇರಿದರು. ದೂರದ್ದು ಬೇಡ ಅಂದರೆ ಆಂಧ್ರದ ಕಡಪ ಜಿಲ್ಲೆ ಇದೆ. ರಾಯಲಸೀಮೆಯೂ ನಮ್ಮ ಹಾಗೇ ಒಣ ಸೀಮೆ. 2021ರ ನವೆಂಬರ್ 19ರಂದು ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ಕೊಚ್ಚಿ ಹೋಯಿತು.

ನೀರು ನೋಡದ ವರ್ಷಗಳು ಜಾಸ್ತಿಯಾದಷ್ಟೂ ನೀರಿನ ಜಾಗ ನಮ್ಮದೇ ಅನ್ನಿಸತೊಡಗುತ್ತದೆ. ನಮ್ಮ ವೇದಾವತಿಯ ನೀರು ಸೇರುವ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಭದ್ರಾ ನೀರೂ ಸೇರಿತ್ತು, ನಿಜ. ಆದರೂ ಮೂರು ತಲೆಮಾರು ಕೋಡಿ ನೀರು ಎಲ್ಲಿ ಹರಿಯುತ್ತದೆ ಅಂತ ನೋಡದೇ ಬದುಕಿತ್ತು, ಅಲ್ವಾ? 2025ರ ಜನವರಿಯಲ್ಲಿ ಅದು ಮತ್ತೆ ತುಂಬಿ ಹರಿಯಿತು.

ಮನೆಯ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ರಾಯಚೂರು, ವಿಜಯಪುರ, ಬಾಗಲಕೋಟೆ, ಗದಗ ಕಡೆ ಸುರಿದ ಮಳೆ ನೆನಪಿರಬಹುದು. ಮಂತ್ರಾಲಯ ಮುಳುಗಿತು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಸತ್ತವರೆಲ್ಲ ಹೊಳೆಯಲ್ಲಿ ಸತ್ತವರಲ್ಲ, ಮಣ್ಣಿನ ಗೋಡೆ, ಮಾಳಿಗೆ ಕುಸಿದು ಹೋದವರೂ ಬಹಳ. ಬಿಸಿಲಿಗೆ ಹೇಳಿ ಮಾಡಿಸಿದ ಮನೆ ಅದು, ಮೂರು ದಿನದ ಮಳೆಗಲ್ಲ. ನಮ್ಮಲ್ಲೂ ಹಳೆಯ ಮಣ್ಣಿನ ಗೋಡೆ ಇದ್ದರೆ ಮಳೆ ನಿಂತಮೇಲೂ ಒಂದೆರಡು ದಿನ ಅದರ ಪಕ್ಕ ಮಲಗಬೇಡಿ. ನೆನೆದ ಗೋಡೆ ಬಿಸಿಲು ಬಂದಮೇಲೂ ಬೀಳುತ್ತದೆ.

ದುಬೈ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. 2024ರ ಏಪ್ರಿಲ್ 16ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ವರ್ಷದ ಮಳೆಗಿಂತ ಜಾಸ್ತಿ ಒಂದೇ ದಿನ ಬಿತ್ತು, ಅದೇ ದೇಶದ ಅಲ್ ಐನ್ ಊರಿನ ಹತ್ತಿರ 254 ಮಿ.ಮೀ. ದಾಟಿತು. ಮೋಡ ಬಿತ್ತನೆಯಿಂದ ಆಯಿತು ಅಂತ ವಾಟ್ಸಾಪ್‌ನಲ್ಲಿ ಓಡಾಡಿದ್ದು ಸುಳ್ಳು. ಅಷ್ಟು ದೊಡ್ಡ ಮಳೆ ತರುವ ಶಕ್ತಿ ಬಿತ್ತನೆಗೆ ಇದ್ದಿದ್ದರೆ ಕಡೂರಿನಲ್ಲಿ ಯಾವತ್ತೋ ಕಾಲುವೆ ಹರಿಯುತ್ತಿತ್ತು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಹಾಗಾಗಿ ಒಣ ದಿನಗಳು ಉದ್ದವಾಗಿ, ಬಂದ ಮಳೆ ಒಂದೇ ಸಲ ಸುರಿಯುವುದು ಜಾಸ್ತಿಯಾಗುತ್ತಿದೆ. ದುಬೈನಲ್ಲಿ ಹಣವಿತ್ತು, ರಸ್ತೆಯಿತ್ತು. ನೀರು ಹೋಗಲು ದಾರಿ ಇರಲಿಲ್ಲ.

"ಇಷ್ಟೆಲ್ಲ ನೀರು ಬಂದ್ಮೇಲೆ ಬೋರಾದ್ರೂ ತುಂಬ್ಬೇಕಲ್ವಾ ಸಾರ್" ಅಂತ ಬರುವಾಗ ಬಾಗಿಲಲ್ಲೇ ಒಬ್ಬ ಅಣ್ಣ ಕೇಳಿದರು. ಜಡಿಮಳೆ ಎರಡು ದಿನ ನಿಧಾನವಾಗಿ ಹಿಡಿದರೆ ಸ್ವಲ್ಪ ತುಂಬುತ್ತದೆ. ಒಂದು ಗಂಟೆಯಲ್ಲಿ ಹೊಡೆದ ಮಳೆ ನಿಮ್ಮ ಹೊಲದ ಮೇಲ್ಮಣ್ಣನ್ನು ಹೊತ್ತು ಕೆರೆಗೆ ಹಾಕಿ ಹೂಳು ಜಾಸ್ತಿ ಮಾಡುತ್ತದೆ, ಬೋರಿಗೆ ಸಿಗುವುದು ಕಮ್ಮಿ. ಇಳಿಜಾರಿಗೆ ಅಡ್ಡ ಉಳುಮೆ, ಗಟ್ಟಿ ಬದು, ಬದುವಿನ ಮೇಲೆ ಹುಲ್ಲು, ಹೊಲದ ಮೂಲೆಯಲ್ಲಿ ಕೃಷಿಹೊಂಡ ಇದ್ದರೆ ಅದೇ ನೀರು ಅಲ್ಲೇ ನಿಂತು ಇಳಿಯುತ್ತದೆ. ಬೀರೂರಿನ ಅಮೃತಮಹಲ್ ಕಾವಲಿನ ಹುಲ್ಲಿನ ನೆಲಕ್ಕೆ ಹೋಗಿ ಒಂದು ಬಿಂದಿಗೆ ನೀರು ಸುರಿದು ನೋಡಿ, ಆಮೇಲೆ ಪಕ್ಕದ ಬೋಳು ಹೊಲದಲ್ಲಿ ಸುರಿಯಿರಿ. ಉತ್ತರೆ ಮಳೆ ನಕ್ಷತ್ರ ನಡೆಯುತ್ತಿದೆ, ಹಸ್ತ ಚಿತ್ತ ಹತ್ತಿರ ಬಂತು. ನಮಗೆ ಮೇನಲ್ಲಿ ಗುಡುಗಿನ ಮಳೆ, ಆಮೇಲೆ ಈ ಹಿಂಗಾರು, ಜೋರಾಗಿ ಬರುವುದು ಈ ಎರಡು ಹೊತ್ತಲ್ಲೇ. ಈ ಭಾನುವಾರ ನಾಲ್ಕು ಜನ ಸೇರಿ ಕುಡುಗೋಲು ಹಿಡಿದು ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಕೋಡಿಯಲ್ಲಿ ಮಣ್ಣಿನ ಚೀಲ ಇದ್ದರೆ ಯಾರದು ಅಂತ ಜಗಳ ಆಮೇಲೆ ಮಾಡಿ, ಮೊದಲು ತೆಗೆದುಹಾಕಿ.